ಧರ್ಮದ ಬಾವಿಯ ಮೂರೆಳೆ ಹಗ್ಗ

ಹತ್ತಿರ ಸರಿದು ಕೂತುಕೊಳ್ಳಿ. ನಾನು ಹೇಳುತ್ತ ಹೋಗುತ್ತೇನೆ, ನೀವು ಹೂಂಗುಟ್ಟುತ್ತ ಬರಬೇಕು. ಹೂಂಗುಟ್ಟುವವರಿಲ್ಲದ ಕಥೆ ಅರ್ಧ ದಾರಿಯಲ್ಲೇ ಮಲಗಿಬಿಡುತ್ತದೆ. ಒಂದು ಕಡೆ ಮಾತ್ರ ಹೂಂ ಅನ್ನಬೇಡಿ. ಅದು ಎಲ್ಲಿ ಅಂತ ಬಂದಾಗ ನಾನೇ ಹೇಳುತ್ತೇನೆ.

ಸಿರಿಗುಂದ ಅಂತ ಒಂದು ರಾಜ್ಯ. ಆ ರಾಜ್ಯದಲ್ಲಿ ಚೆಲುವರಾಯ ಅಂತ ಒಬ್ಬ ಅರಸ ಇದ್ದ. ಕೆಟ್ಟವನಲ್ಲ. ಕೊಡುವ ಕೈ. ಕೊಟ್ಟದ್ದು ನಾಲ್ಕು ಜನರ ಕಣ್ಣಿಗೆ ಬೀಳಬೇಕು ಅನ್ನುವ ಆಸೆ ಒಂದಿತ್ತು. ಅದು ಯಾರಿಗಿಲ್ಲ ಹೇಳಿ?

ಆ ರಾಜ್ಯದ ನಟ್ಟನಡುವೆ ಒಂದು ಬೆಂಗಾಡು. ಈ ಕಡೆ ಉಪ್ಪಿನ ಪೇಟೆ, ಆ ಕಡೆ ಜೋಳದ ಪೇಟೆ. ನಡುವೆ ಮರವಿಲ್ಲ, ಮನೆಯಿಲ್ಲ, ತೊಟ್ಟು ನೀರಿಲ್ಲ. ಉಪ್ಪು ಹೊತ್ತ ಎತ್ತುಗಳು ಅದನ್ನು ದಾಟಬೇಕು. ಕೂಲಿಗೆ ಹೋಗುವವರು ದಾಟಬೇಕು. ತವರಿಗೆ ಹೋಗುವ ಹೆಣ್ಣುಮಕ್ಕಳು ದಾಟಬೇಕು. ದಾಟಲಾರದೆ ಬಿದ್ದವರ ಸುದ್ದಿ ಅರಸನ ಕಿವಿಗೂ ಬಿತ್ತು. ಅವನಿಗೆ ಅಯ್ಯೋ ಅನ್ನಿಸಿತು. ಆ ಬಯಲಿನಲ್ಲಿ ಒಂದು ಬಾವಿ ತೋಡಿಸಿದ. ಬಂಡೆ ಒಡೆಸಿ, ಆಳಕ್ಕೆ ಇಳಿಸಿ, ಕೊನೆಗೂ ಸಿಹಿನೀರು ಬರಿಸಿದ. ದಂಡೆಯ ಮೇಲೆ ಒಂದು ಕಲ್ಲು ನಿಲ್ಲಿಸಿದ. ಅದರ ಮೇಲೆ ಹೀಗೆ ಕೆತ್ತಿಸಿದ: 'ಇದು ಚೆಲುವರಾಯ ಪ್ರಭುಗಳ ಧರ್ಮದ ಬಾವಿ. ಇಲ್ಲಿ ನೀರು ಎಲ್ಲರಿಗೂ ಧರ್ಮಕ್ಕೆ.'

ಧರ್ಮಕ್ಕೆ ಅಂದರೆ ನಮ್ಮ ಕಡೆ ಏನರ್ಥ? ಪುಕ್ಕಟೆ. ಈ ಒಂದು ಮಾತು ಮುಂದೆ ಎಷ್ಟು ಆಟ ಆಡಿಸುತ್ತದೆ ನೋಡುತ್ತಿರಿ.

ಬಾವಿಯ ಪೂಜೆಯ ದಿನ ವಾಲಗ ಊದಿದರು. ಹೊಸ ಹಗ್ಗಕ್ಕೆ ಮಲ್ಲಿಗೆ ದಂಡೆ ಸುತ್ತಿದರು. ಅರಸ ತನ್ನ ಕೈಯಿಂದಲೇ ಮೊದಲ ಕೊಡ ಎಳೆದ. ಜನ ಜೈ ಅಂದರು. ಆಮೇಲೆ ಎಲ್ಲರೂ ಮನೆಗೆ ಹೋದರು. ಬಾವಿ ಉಳಿಯಿತು, ಕಲ್ಲು ಉಳಿಯಿತು, ಹಗ್ಗ ದಿನಾ ಒಂದಿಷ್ಟು ಸವೆಯಿತು.

ಹಗ್ಗ ಸವೆದರೆ ಯಾರು ಕೊಡಬೇಕು? ಅರಸ ಯೋಚಿಸಲಿಲ್ಲ. ಮಂತ್ರಿ ಯೋಚಿಸಲಿಲ್ಲ. ಕುಡಿದು ಹೋದವರು ಮೊದಲೇ ಯೋಚಿಸಲಿಲ್ಲ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ಹಾಗೆ ಬಂದವರೆಲ್ಲ ನೀರಿನ ರುಚಿ ಹೆಚ್ಚಾಯಿತು ಕಡಿಮೆಯಾಯಿತು ಅಂತ ಮಾತಾಡಿದರು. ಹಗ್ಗದ ಕಡೆ ಒಬ್ಬರೂ ನೋಡಲಿಲ್ಲ. ಒಂದು ಬೇಸಗೆಯಲ್ಲಿ ಹಗ್ಗ ಹರಿಯಿತು. ಕೊಡದ ಸಮೇತ ಬಾವಿಯ ತಳ ಸೇರಿತು.

ಬೆಂಗಾಡಿನ ಅಂಚಿನ ಊರಿನಲ್ಲಿ ಕೆಂಚವ್ವ ಅಂತ ಒಬ್ಬ ಹೆಂಗಸು ಇದ್ದಳು. ಗಂಡ ತೀರಿಹೋಗಿದ್ದ. ಪುಂಡಿ ನಾರು ಹೊಸೆದು ದನ ಕಟ್ಟುವ ಕಣ್ಣಿ, ಮೂಗುದಾರ, ಹಗ್ಗ ಮಾಡಿ ಹೊಟ್ಟೆ ಹೊರೆಯುತ್ತಿದ್ದಳು. ಅವಳಿಗೆ ಒಬ್ಬಳೇ ಮಗಳು, ತುಂಗವ್ವ. ತುಂಗವ್ವನನ್ನು ಬಯಲಿನ ಆಚೆ ದಂಡೆಗೆ ಕೊಟ್ಟಿತ್ತು. ಅವಳು ಚೊಚ್ಚಲ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ. ಕೆಂಚವ್ವ ತಾನೇ ಹೋಗಿ ಮಗಳನ್ನು ಕರೆದುಕೊಂಡು ಹೊರಟಳು.

ಬೀಗಿತ್ತಿ, "ಎರಡು ಸೋರೆಬುರುಡೆ ನೀರು ತಗೊಂಡು ಹೋಗ್ರಿ" ಅಂದಳು.

"ಒಂದು ಸಾಕು. ದಾರೀಲಿ ಅರಸರ ಬಾವಿ ಐತಲ್ಲ, ಬರೋವಾಗ ಅಲ್ಲೇ ಕುಡಿದು ಬಂದೆ" ಅಂದಳು ಕೆಂಚವ್ವ. ಅವಳು ಅರಸನನ್ನು ನಂಬಿದ್ದಳು.

ಇಬ್ಬರೂ ಬಾವಿಯ ಹತ್ತಿರ ಬಂದರು. ಬುರುಡೆ ಖಾಲಿಯಾಗಿತ್ತು. ತುಂಗವ್ವನ ತುಟಿ ಒಡೆದಿತ್ತು. ಕೆಂಚವ್ವ ರಾಟೆಯ ಕಡೆ ನೋಡಿದಳು. ರಾಟೆಯಲ್ಲಿ ಗೇಣುದ್ದದ ತುಂಡು ನೇತಾಡುತ್ತಿತ್ತು.

ಇಲ್ಲಿ ಹೂಂ ಅನ್ನಬೇಡಿ.

ಊರಿಗೆಲ್ಲ ಹಗ್ಗ ಹೊಸೆಯುವವಳ ಕೈಯಲ್ಲಿ ಅವತ್ತು ಒಂದು ಮಾರು ಹಗ್ಗ ಇರಲಿಲ್ಲ. ತನ್ನ ಸೀರೆ ಬಿಚ್ಚಿದಳು. ಮಗಳ ಸೀರೆಗೆ ಗಂಟು ಹಾಕಿದಳು. ತುದಿಗೆ ಬುರುಡೆ ಕಟ್ಟಿ ಇಳಿಬಿಟ್ಟಳು. ಮುಟ್ಟಲಿಲ್ಲ. ದಂಡೆಯ ಮೇಲೆ ಬೋರಲು ಮಲಗಿ ಕೈ ಚಾಚಿದಳು. ಆಗಲೂ ಮುಟ್ಟಲಿಲ್ಲ. ಕೆಳಗೆ ನೀರು ತಣ್ಣಗೆ ಮಿನುಗುತ್ತಿತ್ತು. ಅದರಲ್ಲಿ ಅವಳ ಮುಖ ಅವಳಿಗೇ ಕಾಣುತ್ತಿತ್ತು.

ಹಿಂದಿನಿಂದ ಮಗಳು ಕೇಳಿದಳು, "ಅವ್ವಾ, ನೀರಿಲ್ವಾ?"

"ಐತೆ ಮಗಳೇ."

"ಐತೆ ಅಂದ್ರೆ ಕೊಡವ್ವ."

ಬಿಸಿಲು ಇಳಿಯುವ ಹೊತ್ತಿಗೆ ತುಂಗವ್ವ ಇರಲಿಲ್ಲ. ಹೊಟ್ಟೆಯಲ್ಲಿದ್ದ ಕೂಸೂ ಇರಲಿಲ್ಲ. ತುಂಬಿದ ಬಾವಿಯ ದಂಡೆಯ ಮೇಲೆ, ಧರ್ಮದ ಕಲ್ಲಿನ ನೆರಳಿನಲ್ಲಿ ಎರಡು ಜೀವ ಹೋದವು.

ಮಗಳನ್ನು ಅಲ್ಲೇ ಮಣ್ಣು ಮಾಡಿ ಕೆಂಚವ್ವ ಎದ್ದಳು. ಮನೆಗೆ ಹೋಗಲಿಲ್ಲ. ನೆಟ್ಟಗೆ ಅರಮನೆಗೆ ಹೋದಳು.

"ಬುದ್ಧಿ, ನಿಮ್ಮ ಬಾವಿಗೆ ಹಗ್ಗ ಬೇಕು" ಅಂದಳು.

ಅರಸ ಕಥೆ ಕೇಳಿ ಕಣ್ಣೀರು ಹಾಕಿದ. "ತಾಯಿ, ನಿನ್ನ ಮಗಳ ಹೆಸರಿನಲ್ಲಿ ಇನ್ನೊಂದು ಬಾವಿ ತೋಡಿಸುತ್ತೇನೆ" ಅಂದ.

"ಆ ಬಾವಿಗೆ ಹಗ್ಗ ಯಾರು ಕೊಡ್ತಾರೆ ಬುದ್ಧಿ?"

ಮಂತ್ರಿ ಹುಬ್ಬು ಗಂಟಿಕ್ಕಿದ. "ಅರಸರ ಹತ್ತಿರ ಹಗ್ಗ ಕೇಳುತ್ತೀಯಾ? ಕೇಳುವುದಕ್ಕೂ ಒಂದು ಅಂತಸ್ತು ಬೇಕು" ಅಂದ. ಹೊಸ ಬಾವಿಗೆ ಗುದ್ದಲಿ ಹಾಕಲು ಮುಹೂರ್ತ ನೋಡಿದರು. ಹಗ್ಗ ಸಿಗಲಿಲ್ಲ.

ಕೆಂಚವ್ವ ಉಪ್ಪಿನ ವ್ಯಾಪಾರಿ ಪಂಪಣ್ಣಶೆಟ್ಟಿಯ ಮನೆಗೆ ಹೋದಳು. ಅವನ ಎತ್ತುಗಳು ಆ ದಾರಿಯಲ್ಲೇ ಓಡಾಡುತ್ತಿದ್ದವು.

"ಶೆಟ್ರೇ, ಬಾವಿಗೆ ಹಗ್ಗ ಬೇಕು."

"ಮಂಟಪ ಕಟ್ಟಿಸಿಕೊಡ್ತೀನಿ ಕಣಮ್ಮ. ನಾಲ್ಕು ಕಂಬ, ಮೇಲೊಂದು ಕಳಸ. ಹಗ್ಗ ಕೊಟ್ರೆ ಅದರ ಮೇಲೆ ನನ್ನ ಹೆಸರು ಎಲ್ಲಿ ಕೆತ್ತಿಸಲಿ?" ಅಂದ ಶೆಟ್ಟಿ. ಅವನು ತಮಾಷೆಗೆ ಅಂದದ್ದಲ್ಲ. ನಿಜವಾಗಿ ಕೇಳಿದ. ಹಗ್ಗ ಸಿಗಲಿಲ್ಲ.

ಕೆಂಚವ್ವ ಅಗ್ರಹಾರದ ಶಾಸ್ತ್ರಿಗಳ ಹತ್ತಿರ ಹೋದಳು.

"ಸ್ವಾಮಿ, ಹಗ್ಗ ಕೊಟ್ರೆ ಪುಣ್ಯ ಬರುತ್ತೆ ಅಂತ ಜನಕ್ಕೆ ಒಂದು ಮಾತು ಹೇಳ್ರಿ."

ಶಾಸ್ತ್ರಿಗಳು ಗಡ್ಡ ನೀವಿಕೊಂಡರು. "ಕೆರೆ ಕಟ್ಟಿಸಿದವರಿಗೆ ಒಂದು ಲೋಕ ಹೇಳಿದೆ. ಬಾವಿ ತೋಡಿಸಿದವರಿಗೆ ಒಂದು ಲೋಕ ಹೇಳಿದೆ. ಮರ ನೆಟ್ಟವರಿಗೂ ಹೇಳಿದೆ. ಹಗ್ಗ ಕೊಟ್ಟವರಿಗೆ ಯಾವ ಲೋಕವನ್ನೂ ಹೇಳಿಲ್ಲವಲ್ಲ ತಾಯಿ."

"ಹಂಗಾದ್ರೆ ನಾನು ಈ ಲೋಕದಲ್ಲೇ ಇದ್ದುಬಿಡ್ತೀನಿ ಸ್ವಾಮಿ" ಅಂದು ಕೆಂಚವ್ವ ಹೊರಟುಬಂದಳು.

ಅವಳಿಗೆ ಮೇಕೆಗಳಿದ್ದವು. ಅವನ್ನು ಕೊಟ್ಟು ಪುಂಡಿ ನಾರು ತಂದಳು. ಬಾವಿಯ ಪಕ್ಕದಲ್ಲೇ ಕೂತು ಮೂರೆಳೆಯ ಹಗ್ಗ ಹೊಸೆದಳು. ಎರಡು ಹೊಸೆದಳು. ಒಂದನ್ನು ರಾಟೆಗೆ ಹಾಕಿದಳು. ಇನ್ನೊಂದನ್ನು ಸೊಂಟಕ್ಕೆ ಸುತ್ತಿಕೊಂಡಳು. ಆ ದಿನದಿಂದ ಸಾಯುವ ತನಕ ಅವಳ ಸೊಂಟದಲ್ಲಿ ಹಗ್ಗ ಇಲ್ಲದ ದಿನ ಅಪರೂಪ. ಜನ ಅವಳನ್ನು ಹಗ್ಗದ ಕೆಂಚವ್ವ ಅಂತ ಕರೆದರು. ಕೆಲವರು ಹುಚ್ಚಿ ಅಂತಲೂ ಅಂದರು.

ಮಳೆಗಾಲ ಬರುವುದರೊಳಗೆ ರಾಟೆಯ ಹಗ್ಗ ಸವೆದು ಹರಿಯುವ ಹಾಗಾಯಿತು. ಕೊಡಲು ಮೇಕೆ ಉಳಿದಿರಲಿಲ್ಲ. ಕುಡಿದು ಹೋಗುವವರನ್ನು ಬೇಡಿದಳು. "ನಿಮಗೆ ತೋಚಿದಷ್ಟು ನಾರು ಕೊಟ್ಟು ಹೋಗ್ರಪ್ಪಾ." ಎಲ್ಲರೂ ಅವಳನ್ನು ಹೊಗಳಿದರು. ಕೈ ಮುಗಿದರು. "ಧರ್ಮದ ಬಾವಿ ಅಲ್ವಾ?" ಅಂದು ಬಾಯಿ ಒರೆಸಿಕೊಂಡು ಹೋದರು. ಹೊಗಳಿಕೆಯಿಂದ ಹಗ್ಗ ಹೊಸೆಯಲು ಬರುವುದಿಲ್ಲ ಮಕ್ಕಳೇ. ಬರುವ ಹಾಗಿದ್ದರೆ ಈ ಲೋಕದಲ್ಲಿ ಒಂದು ಬಾವಿಯೂ ಹಗ್ಗವಿಲ್ಲದೆ ಇರುತ್ತಿರಲಿಲ್ಲ.

ಆಗ ಕೆಂಚವ್ವ ಬೇಡುವುದನ್ನು ಬಿಟ್ಟು ಸುಮ್ಮನೆ ಕೂತು ನೋಡಿದಳು. ಕೂಲಿಯವನೊಬ್ಬ ಬಂದ. ಒಂದು ಚೊಂಬು ಎಳೆದ, ಕುಡಿದ, ಹೋದ. ಹಗ್ಗಕ್ಕೆ ಏನೂ ಆಗಲಿಲ್ಲ. ಬಳೆಗಾರ್ತಿ ಬಂದಳು. ಅವಳೂ ಅಷ್ಟೇ. ಆಮೇಲೆ ಪಂಪಣ್ಣಶೆಟ್ಟಿಯ ಎತ್ತಿನ ಸಾಲು ಬಂತು. ಒಂದೊಂದು ಎತ್ತಿಗೆ ಕೊಡದ ಮೇಲೆ ಕೊಡ. ಹಗ್ಗ ಕಲ್ಲಿಗೆ ಉಜ್ಜಿ ಉಜ್ಜಿ ನಾರು ಎದ್ದು ಗಾಳಿಯಲ್ಲಿ ಹಾರಿತು. ಕೆಂಚವ್ವ ಹಾರುವ ನಾರನ್ನು ಕೈಯಲ್ಲಿ ಹಿಡಿದು ನೋಡಿದಳು. ಅವಳಿಗೆ ತಿಳಿಯಿತು.

ಮರುದಿನ ದಂಡೆಯ ಮೇಲೆ ನಿಂತು ಹೇಳಿದಳು: "ತಲೆ ಮೇಲೆ ಹೊರೆ ಹೊತ್ತವರಿಗೆ ಧರ್ಮಕ್ಕೆ. ಎತ್ತಿನ ಮೇಲೆ ಹೊರೆ ಹೇರಿದವರು ಎತ್ತಿಗೊಂದು ಹಿಡಿ ನಾರು ಇಡಬೇಕು. ಹಗ್ಗ ಸವೆಸಿದವರು ಹಗ್ಗ ಕೊಡಲಿ."

ಶೆಟ್ಟಿ ರೇಗಿದ. "ಕಲ್ಲಿನ ಮೇಲೆ ಏನು ಬರೆದಿದೆ ನೋಡು. ನೀರು ಧರ್ಮಕ್ಕೆ. ಅರಸರ ಬಾವಿ ಹತ್ರ ಕೂತು ನೀರು ಮಾರ್ತೀಯಾ? ನಾಲಿಗೆ ಸೇದಿಹೋಗುತ್ತೆ ನಿಂಗೆ!"

"ನಾನೆಲ್ಲಿ ನೀರು ಮಾರ್ದೆ ಶೆಟ್ರೇ? ನೀರು ಅರಸರದ್ದು. ಅದು ಧರ್ಮಕ್ಕೇ ಐತೆ. ತಗೊಂಡು ಹೋಗ್ರಿ. ಹಗ್ಗ ಮಾತ್ರ ನಂದು" ಅಂದು ಕೆಂಚವ್ವ ರಾಟೆಯಿಂದ ಹಗ್ಗ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಳು.

ಶೆಟ್ಟಿ ಬಾವಿಯೊಳಗೆ ಬಗ್ಗಿ ನೋಡಿದ. ಧರ್ಮದ ನೀರು ತಳದಲ್ಲಿ ಕೂತು ಅವನನ್ನೇ ನೋಡುತ್ತಿತ್ತು. ಹಿಂದೆ ಎತ್ತುಗಳು ಅಂಬಾ ಅಂದವು. ಶೆಟ್ಟಿ ಗೊಣಗಿಕೊಂಡೇ ಹೇರು ಕಟ್ಟಿದ ನಾರಿನಲ್ಲಿ ಒಂದಿಷ್ಟು ಬಿಚ್ಚಿ ಕೊಟ್ಟ. ಅವನು ವ್ಯಾಪಾರಿ. ಬಾಯಾರಿ ಸತ್ತ ಒಂದು ಎತ್ತಿನ ಬೆಲೆ ಎಷ್ಟು, ಒಂದು ಹಿಡಿ ನಾರಿನ ಬೆಲೆ ಎಷ್ಟು ಅಂತ ಮನೆ ಮುಟ್ಟುವುದರೊಳಗೆ ಹೊಂದಿಸಿ ನೋಡಿದ. ಮುಂದಿನ ಸಲ ಕೇಳುವ ಮೊದಲೇ ಕೊಟ್ಟ.

ನಾರು ಬಂತು. ಹಗ್ಗ ಆಯಿತು. ಹಗ್ಗಕ್ಕೆ ಬೇಕಾದದ್ದಕ್ಕಿಂತ ನಾರು ಹೆಚ್ಚು ಬಂತು. ಉಳಿದದ್ದರಲ್ಲಿ ಕಣ್ಣಿ, ಮೂಗುದಾರ ಮಾಡಿ ಪೇಟೆಗೆ ಕಳಿಸಿ ಜೋಳ ತರಿಸಿದಳು. ಯಾರೂ ದಿಕ್ಕಿಲ್ಲದ ಹೆಂಗಸರನ್ನು ಕರೆದು ಹೊಸೆಯಲು ಕೂರಿಸಿದಳು. ನೀರೆಳೆಯಲು ಆಳು ಇಟ್ಟಳು. ಎಲ್ಲರಿಗೂ ಜೋಳ ಅಳೆದು ಕೊಟ್ಟಳು. ಊರಿನವರಿಗೆ ತುರಿಕೆ ಶುರುವಾಯಿತು. "ಧರ್ಮದ ಬಾವೀಲಿ ಕೂಲಿ ತಗೋತಾರಂತೆ! ಅದು ಎಂಥ ಧರ್ಮ?"

ಕೆಂಚವ್ವ ಅಂದಳು, "ಹಸಿದ ಕೈ ಎಷ್ಟು ದಿನ ಹಗ್ಗ ಜಗ್ಗುತ್ತಪ್ಪ? ನೀನು ಬಂದು ಜಗ್ಗು. ನಿಂಗೆ ಕೂಲಿ ಕೊಡಲ್ಲ."

ಬೆಂಗಾಡಿನಲ್ಲಿ ಇನ್ನೊಂದು ಕಾಲುದಾರಿ ಇತ್ತು. ಅದರಲ್ಲಿ ಎತ್ತು ಬರುತ್ತಿರಲಿಲ್ಲ, ಬರಿ ಕೂಲಿ ಜನ ಬರುತ್ತಿದ್ದರು. ಅರಸ ತುಂಗವ್ವನ ಹೆಸರಿನಲ್ಲಿ ತೋಡಿಸಿದ ಬಾವಿ ಅಲ್ಲೇ ಇದ್ದದ್ದು. ಅಲ್ಲಿ ಒಂದು ಎಳೆ ನಾರೂ ಹುಟ್ಟುವುದಿಲ್ಲ. ಅಲ್ಲಿಗೂ ಈ ಬಾವಿಯ ದುಡಿಮೆಯಿಂದಲೇ ಹಗ್ಗ ಹೋಯಿತು.

ಹೊಸೆಯುವ ಹೆಂಗಸರಿಗೆ ಕೆಂಚವ್ವ ಕೆಲಸ ಕಲಿಸುವಾಗ ಹೀಗೆ ಹೇಳುತ್ತಿದ್ದಳು: "ಹಗ್ಗಕ್ಕೆ ಮೂರು ಎಳೆ. ಒಂದು ಕೊಡೋನದು. ಒಂದು ಜಗ್ಗೋನದು. ಇನ್ನೊಂದು ಏನೂ ಇಲ್ಲದೆ ಬಂದೋನದು. ಮೂರೂ ಕೂಡಿದ್ರೆ ಹಗ್ಗ." ಹೊಸೆಯುವಾಗ ಆ ಮೂರನೆಯ ಎಳೆಯನ್ನು ಅವಳು ತಾನೇ ಕೂಡಿಸುತ್ತಿದ್ದಳು. ಅದಕ್ಕೆ ತುಂಗವ್ವನ ಎಳೆ ಅನ್ನುತ್ತಿದ್ದಳು.

ಹೀಗೆ ಎಷ್ಟೋ ಬೇಸಗೆ ಕಳೆದವು. ಬೆಂಗಾಡಿನಲ್ಲಿ ಬಾಯಾರಿ ಸತ್ತರು ಅನ್ನುವ ಮಾತೇ ನಿಂತುಹೋಯಿತು.

ಬೆಲ್ಲ ಇದ್ದಲ್ಲಿ ಇರುವೆ ಬರದೆ ಇರುತ್ತದೆಯೇ? ಆ ರಾಜ್ಯದಲ್ಲಿ ಭರಮಯ್ಯ ಅಂತ ಒಬ್ಬ ಸುಂಕದ ಅಧಿಕಾರಿ. ಒಂದು ಸಲ ಆ ದಾರಿಯಲ್ಲಿ ಬಂದ. ಬಾವಿಯ ಪಕ್ಕದಲ್ಲಿ ನಾರಿನ ಬಣವೆ ಕಂಡ. ಹಗ್ಗದ ಸುರುಳಿ ಕಂಡ. ಅವನಿಗೆ ನೀರಡಿಕೆ ಮರೆತೇಹೋಯಿತು. ನೆಟ್ಟಗೆ ಅರಸನ ಹತ್ತಿರ ಓಡಿದ.

"ಪ್ರಭು, ನಿಮ್ಮ ಬಾವಿ ಕಾಮಧೇನು. ಹಾಲು ಕರೆಯುವುದು ಆ ಮುದುಕಿಗೆ ಗೊತ್ತಿಲ್ಲ. ಅರ್ಧ ಜನಕ್ಕೆ ಪುಕ್ಕಟೆ ಬಿಡುತ್ತಿದ್ದಾಳೆ. ನನ್ನ ಕೈಗೆ ಕೊಡಿ. ವರ್ಷ ವರ್ಷ ಅರಮನೆಗೆ ಪಾಲು ಬರುತ್ತದೆ. ಪುಣ್ಯವೂ ನಿಮ್ಮದು, ಲಾಭವೂ ನಿಮ್ಮದು."

ಪುಣ್ಯ, ಲಾಭ ಎರಡೂ ಒಂದೇ ತಟ್ಟೆಯಲ್ಲಿ ಬಂದರೆ ಯಾವ ಅರಸ ಬೇಡ ಅಂದಾನು? ಚೆಲುವರಾಯ ಒಪ್ಪಿದ. ಬಾವಿ ಭರಮಯ್ಯನ ಕೈಗೆ ಹೋಯಿತು.

ಭರಮಯ್ಯ ಮೂರು ಕೆಲಸ ಮಾಡಿದ. ಮೊದಲನೆಯದು, "ಎಲ್ಲರಿಗೂ ಒಂದೇ ನ್ಯಾಯ. ನಡೆದು ಬಂದವರೂ ನಾರು ಇಡಬೇಕು" ಅಂದ. ಎರಡನೆಯದು, "ಕಾಲುದಾರಿಯ ಬಾವಿಯಿಂದ ಹುಟ್ಟುವಳಿ ಇಲ್ಲ" ಅಂದು ಅಲ್ಲಿಯ ಹಗ್ಗ ಕಿತ್ತು ತಂದ. ಮೂರನೆಯದು, "ಮೂರು ಎಳೆ ಯಾಕೆ? ಎರಡು ಸಾಕು. ಒಂದು ಎಳೆ ಉಳಿತಾಯ" ಅಂದ. ಬಾವಿಗೆ ಗಡಿನಾಡಿನಿಂದ ಒಬ್ಬ ಹೊಸ ಕಾವಲುಗಾರನನ್ನು ತಂದು ನಿಲ್ಲಿಸಿದ. ಅವನಿಗೆ ಹೇಳಿದ: "ನಾರು ಇಟ್ಟರೆ ನೀರು. ನಮ್ಮಪ್ಪ ಬಂದರೂ ಅಷ್ಟೇ, ಅರಸ ಬಂದರೂ ಅಷ್ಟೇ. ತಪ್ಪಿದರೆ ನಿನ್ನ ಕೈ ಕಡಿಸುತ್ತೇನೆ."

ಕೆಂಚವ್ವ ಅವನ ಮುಂದೆ ಸೆರಗೊಡ್ಡಿದಳು. "ಎತ್ತಿನವರ ಹತ್ರ ಬೇಕಾದ್ರೆ ಎರಡು ಹಿಡಿ ಇಸ್ಕೊಳಪ್ಪ. ನಡೆದು ಬಂದೋರನ್ನ ಬಿಟ್ಟುಬಿಡು. ಈ ಬಾವಿ ತೋಡಿದ್ದೇ ಅವರಿಗೆ." ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು. ಅವನು ಅವಳನ್ನೂ, ಹೊಸೆಯುವ ಹೆಂಗಸರನ್ನೂ ಹೊರಗೆ ಹಾಕಿದ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಳು ಅಂತ ಊರು ನಕ್ಕಿತು.

ಕೆಂಚವ್ವ ಕಾಲುದಾರಿಯ ಬಾವಿಗೆ ಹೋಗಿ ಕೂತಳು. ಸೊಂಟದಲ್ಲಿದ್ದ ಹಗ್ಗ ಬಿಚ್ಚಿ ರಾಟೆಗೆ ಹಾಕಿದಳು. ದೊಡ್ಡ ಬಾವಿಯಲ್ಲಿ ಇಲ್ಲ ಅನ್ನಿಸಿಕೊಂಡವರು ಸುತ್ತು ಬಳಸಿ ಇಲ್ಲಿಗೆ ಬಂದರು. ಅವಳು ಎಳೆದಳು, ಎಳೆದಳು. ಹಗ್ಗ ಸವೆಯುತ್ತ ಬಂತು. ಹೊಸ ನಾರು ಬರುವ ದಾರಿ ಇಲ್ಲ.

ಒಂದು ದಿನ ಒಬ್ಬ ಬಸುರಿ ಹೆಣ್ಣುಮಗಳು ತಡವರಿಸಿಕೊಂಡು ಬಂದಳು. ತುಟಿ ಒಡೆದಿತ್ತು. ದೊಡ್ಡ ಬಾವಿಯಲ್ಲಿ ಕಾವಲುಗಾರ ನಾರು ಕೇಳಿದ್ದನಂತೆ. ಕೆಂಚವ್ವ ನೀರೆಳೆದು ಕುಡಿಸಿದಳು. ಹುಡುಗಿ ಬದುಕಿದಳು. ಹಗ್ಗ ನೋಡಿದರೆ ಅಲ್ಲಲ್ಲಿ ನಾರು ಕಿತ್ತು ನಿಂತಿತ್ತು.

"ಇದು ಹರಿದ ದಿನ ಇನ್ನೊಬ್ಬಳು ತುಂಗವ್ವ ಸಾಯ್ತಾಳೆ" ಅಂದುಕೊಂಡಳು. ಬರುವವರಿಗೆ ಕೊಡಗಳಲ್ಲಿ ನೀರು ತುಂಬಿಸಿಟ್ಟಳು. ಹಗ್ಗವನ್ನು ಮತ್ತೆ ಸೊಂಟಕ್ಕೆ ಸುತ್ತಿದಳು. ಅರಮನೆಯ ದಾರಿ ಹಿಡಿದಳು.

ಅರಮನೆಯಲ್ಲಿ ಭರಮಯ್ಯ ಪಾಲಿನ ಗಂಟು ತಂದು ಅರಸನ ಮುಂದೆ ಇಟ್ಟಿದ್ದ. ಅರಸ ಹಿಗ್ಗಿ ಹೀರೇಕಾಯಿ ಆಗಿದ್ದ. ಕೆಂಚವ್ವ ದೂರು ಹೇಳಲಿಲ್ಲ. ದೂರು ಹೇಳಿದ್ದರೆ ಭರಮಯ್ಯ ಹತ್ತು ಉತ್ತರ ಕೊಡುತ್ತಿದ್ದ. ಕೈಮುಗಿದು ಅಂದಳು, "ಬುದ್ಧಿ, ಪೂಜೆ ದಿನ ಬಿಟ್ರೆ ನೀವು ಆ ಬಾವಿ ಕಡೆ ಬರಲೇ ಇಲ್ಲ. ನಿಮ್ಮ ಧರ್ಮ ಹೆಂಗೆ ನಡೀತೈತೆ ಅಂತ ಒಂದು ಸಲ ಬಂದು ನೋಡ್ರಿ. ಗುಡಿಗೆ ಹೋಗೋ ಹಂಗೆ ಬರ್ರಿ. ಬರಿಗಾಲು, ಬರಿಗೈ. ಆನೆ ಬ್ಯಾಡ, ಪಲ್ಲಕ್ಕಿ ಬ್ಯಾಡ, ಕಿರೀಟ ಬ್ಯಾಡ. ನಿಮ್ಮ ಬಾವಿ ನೀರು ನೀವೇ ಕುಡೀರಿ."

ಅರಸನಿಗೆ ಮಾತು ಹಿಡಿಸಿತು. ತನ್ನ ಪುಣ್ಯವನ್ನು ತಾನೇ ಕುಡಿಯುವುದು! "ಭರಮಯ್ಯ, ನೀನೂ ನಡಿ" ಅಂದ. ಭರಮಯ್ಯನ ಮುಖ ಸಣ್ಣದಾಯಿತು. ಅರಸ ಬರಿಗಾಲಲ್ಲಿ ಹೊರಟ ಮೇಲೆ ಇವನು ಕುದುರೆ ಏರುವುದು ಹೇಗೆ?

ಮೂವರೂ ಬೆಂಗಾಡಿಗೆ ಇಳಿದರು. ಮೊದಲು ಅರಸ ಮಾತಾಡುತ್ತ ನಡೆದ. ಆಮೇಲೆ ಮಾತು ನಿಲ್ಲಿಸಿದ. ಆಮೇಲೆ ತುಟಿ ನೆಕ್ಕಿಕೊಳ್ಳತೊಡಗಿದ. ಕಾಲಲ್ಲಿ ಬೊಬ್ಬೆ ಎದ್ದವು. ದೂರದಲ್ಲಿ ಧರ್ಮದ ಕಲ್ಲು ಕಂಡಾಗ ಚಿಕ್ಕ ಮಗುವಿನ ಹಾಗೆ ಓಡಿದ.

ಬಾವಿಯ ಆಚೆ ಬಿಸಿಲಲ್ಲಿ ಒಬ್ಬ ಮುದುಕ, ಒಬ್ಬ ಮುದುಕಿ ಕೂತಿದ್ದರು. ಕೈಯಲ್ಲಿ ಖಾಲಿ ಚೊಂಬು. ನಾರು ಇಲ್ಲದ್ದಕ್ಕೆ ಕೂತವರು. ಅರಸ ಅವರನ್ನು ನೋಡಲಿಲ್ಲ.

"ನೀರು" ಅಂದ.

ಕಾವಲುಗಾರ ಕೈ ಚಾಚಿದ. "ನಾರು?"

"ನಾನು ಅರಸ."

ಕಾವಲುಗಾರ ಮೇಲಿಂದ ಕೆಳಗೆ ನೋಡಿದ. ಧೂಳು, ಬೆವರು, ಬೊಬ್ಬೆ ಎದ್ದ ಕಾಲು. "ಈ ಬಿಸಿಲಲ್ಲಿ ಬರೋರೆಲ್ಲ ಹಂಗೇ ಅಂತಾರೆ. ನಾರು ಇಡು, ನೀರು ಕುಡಿ."

ಭರಮಯ್ಯ ಏದುಸಿರು ಬಿಡುತ್ತ ಬಂದ. "ಲೋ, ಕೊಡೋ! ಇವರು ನಿಜವಾಗಿ ಅರಸರು!"

ಕಾವಲುಗಾರ ತನ್ನ ಎರಡೂ ಕೈಗಳನ್ನು ನೋಡಿಕೊಂಡ. "ಸ್ವಾಮಿ, ನಮ್ಮಪ್ಪ ಬಂದ್ರೂ ಅಷ್ಟೇ, ಅರಸ ಬಂದ್ರೂ ಅಷ್ಟೇ, ತಪ್ಪಿದ್ರೆ ಕೈ ಕಡಿಸ್ತೀನಿ ಅಂದೋರು ನೀವೇ. ನಂಗೆ ಹೆಂಡ್ತಿ ಮಕ್ಕಳು ಅವರೆ."

ಅರಸ ನಿಧಾನವಾಗಿ ತಿರುಗಿದ. "ಭರಮಯ್ಯ, ಹಾಗಂದೆಯಾ?"

ಹೂಂ ಅಂದರೆ ಅರಸನಿಗೆ ನೀರಿಲ್ಲ ಅಂದವನು ತಾನು. ಊಹೂಂ ಅಂದರೆ ಸಾಕ್ಷಿ ಎದುರಿಗೇ ನಿಂತಿದೆ. ಭರಮಯ್ಯ ಕಾವಲುಗಾರನನ್ನು ತಳ್ಳಿ ತಾನೇ ಹಗ್ಗ ಹಿಡಿದ. ಜನ್ಮದಲ್ಲಿ ನೀರೆಳೆದವನಲ್ಲ. ಕೊಡ ಇಳಿಬಿಟ್ಟು ದಡಬಡ ಜಗ್ಗಿದ. ಎರಡೆಳೆಯ ಹಗ್ಗ ಟಪ್ಪಂತ ಹರಿಯಿತು. ಕೊಡ ತಳಕ್ಕೆ ಬಿತ್ತು. ಭರಮಯ್ಯ ಹಿಂದಕ್ಕೆ ಬಿದ್ದ. ಅವನ ಕೈಯಲ್ಲಿ ಒಂದು ತುಂಡು ಉಳಿಯಿತು.

ಅರಸ ದಂಡೆಯ ಮೇಲೆ ಬೋರಲು ಬಿದ್ದು ಕೆಳಗೆ ನೋಡಿದ. ಕೈ ಚಾಚಿದ.

ಕೆಂಚವ್ವ ಅವನ ಪಕ್ಕದಲ್ಲಿ ಬಂದು ನಿಂತಳು. "ಬುದ್ಧಿ, ನೀರು ಐತಾ?"

"ಇದೆ."

"ಮುಖ ಕಾಣ್ತೈತಾ?"

"ಕಾಣ್ತಿದೆ."

"ನನ್ನ ಮಗಳು ಸಾಯೋವಾಗ ನಂಗೂ ಹಿಂಗೇ ಕಾಣ್ತಿತ್ತು."

ಅರಸ ಎದ್ದು ಕೂತ. ಮಗಳು ಸತ್ತ ಕಥೆಯನ್ನು ಅವನು ಅರಮನೆಯಲ್ಲಿ ಕೂತು ಕೇಳಿದ್ದ, ಅತ್ತಿದ್ದ ಕೂಡ. ಇವತ್ತು ಅವನಿಗೆ ಅದು ತಿಳಿಯಿತು.

ಕೆಂಚವ್ವ ಸೊಂಟದ ಹಗ್ಗ ಬಿಚ್ಚಿದಳು. ಮುದುಕಿಯ ಕೈಯಿಂದ ಚೊಂಬು ಇಸಿದುಕೊಂಡು ಕಟ್ಟಿದಳು. ಸವೆದ ಹಗ್ಗ. ಇಳಿಯುವಾಗ ಒಂದೊಂದೇ ನಾರು ಕಿತ್ತುಬಂತು. ಅರಸ ಉಸಿರು ಹಿಡಿದುಕೊಂಡು ನೋಡಿದ. ಅವಳು ಅವಸರ ಮಾಡಲಿಲ್ಲ. ಹಗ್ಗ ತಡೆಯಿತು. ಚೊಂಬು ಮೇಲೆ ಬಂತು.

ಮೊದಲು ಆ ಮುದುಕಿಗೆ ಕುಡಿಸಿದಳು. ಆಮೇಲೆ ಮುದುಕನಿಗೆ. ಆಮೇಲೆ ಅರಸನಿಗೆ. ಅರಸ ತಡೆಯಲಿಲ್ಲ, ಕಾದ.

ಕುಡಿದ ಮೇಲೆ, "ತಾಯಿ, ನಾನು ನಾರು ತಂದಿಲ್ಲ. ನಿನಗೆ ಏನು ಕೊಡಲಿ?" ಅಂದ.

"ನೀವು ನಡೆದು ಬಂದೀರಿ ಬುದ್ಧಿ. ನಡೆದು ಬಂದೋರಿಗೆ ಧರ್ಮಕ್ಕೆ."

ಭರಮಯ್ಯ ಬಿದ್ದಲ್ಲಿಂದ ಏಳದೆ ನೋಡುತ್ತಿದ್ದ. ಕೆಂಚವ್ವ ಚೊಂಬು ತುಂಬಿ ಅವನ ಮುಂದೆ ಇಟ್ಟಳು. "ಕುಡಿ. ನೀನೂ ನಡೆದೇ ಬಂದೀಯಲ್ಲ" ಅಂದಳು. ಅವನು ತಲೆ ತಗ್ಗಿಸಿ ಕುಡಿದ.

ಅರಸ ಅಲ್ಲೇ ಕೂತು ತೀರ್ಪು ಹೇಳಿದ. ಬಾವಿ ಮತ್ತೆ ಕೆಂಚವ್ವನ ಕೈಗೆ ಬಂತು. ಅರಮನೆಗೆ ಬಂದ ಪಾಲು ವಾಪಸ್ಸಾಯಿತು. ಭರಮಯ್ಯನ ಸುಂಕದ ಕೆಲಸ ಹೋಯಿತು. ನಡೆದು ಬಂದವರಿಂದ ಅವನು ಕಿತ್ತುಕೊಂಡ ನಾರೆಲ್ಲ ಬಣವೆಯಾಗಿ ಬಿದ್ದಿತ್ತು. ಅಷ್ಟನ್ನೂ ಅವನೇ ಕೂತು ಹಗ್ಗ ಹೊಸೆಯಬೇಕು, ಮೂರೆಳೆಯ ಹಗ್ಗ, ಕೆಂಚವ್ವ ಸರಿ ಅನ್ನುವ ತನಕ. ಅವನ ಅಂಗೈ ಬೊಬ್ಬೆ ಎದ್ದು, ಒಡೆದು, ಕೊನೆಗೆ ಗಟ್ಟಿಯಾಯಿತು. ಮೂರನೆಯ ಎಳೆ ಯಾಕೆ ಬೇಕು ಅಂತ ಆಮೇಲೆ ಅವನನ್ನು ಕೇಳಿದವರಿಗೆ ಅವನೇ ತಿಳಿಸಿ ಹೇಳುತ್ತಿದ್ದನಂತೆ.

ಅರಸನಿಗೆ ಹಳೇ ಚಾಳಿ ಪೂರ್ತಿ ಬಿಡಲಿಲ್ಲ. "ತಾಯಿ, ನಿನ್ನ ಮಗಳ ಹೆಸರಿನ ಒಂದು ಕಲ್ಲು ನಿಲ್ಲಿಸಲೇ?" ಅಂದ.

"ಕಲ್ಲು ಬ್ಯಾಡ ಬುದ್ಧಿ. ಇರೋ ಕಲ್ಲಿನಲ್ಲೇ ಒಂದು ಸಾಲು ಸೇರಿಸಿರಿ."

ಅರಸ ಸೇರಿಸಿದ. ಮೊದಲಿನ ಸಾಲು ಹಾಗೇ ಇತ್ತು: 'ಇಲ್ಲಿ ನೀರು ಎಲ್ಲರಿಗೂ ಧರ್ಮಕ್ಕೆ.' ಅದರ ಕೆಳಗೆ ಹೊಸದು ಬಂತು: 'ಹಗ್ಗ ಧರ್ಮಕ್ಕೆ ಬರುವುದಿಲ್ಲ. ಉಳ್ಳವರು ಇಟ್ಟು ಹೋಗಿ.'

ಅಂದಿನಿಂದ ಆ ರಾಜ್ಯದಲ್ಲಿ ಯಾರಾದರೂ ಬಾವಿ ತೋಡಿಸುತ್ತೇನೆ ಅಂತ ಬಂದರೆ ಅರಸ ಮೊದಲು ಒಂದು ಮಾತು ಕೇಳುತ್ತಿದ್ದ: "ಹಗ್ಗಕ್ಕೆ ಏನು ಮಾಡಿದ್ದೀಯ?" ಅದಕ್ಕೆ ಉತ್ತರ ಇಲ್ಲದವನಿಗೆ ಗುದ್ದಲಿ ಹಾಕಲು ಬಿಡುತ್ತಿರಲಿಲ್ಲ.

ಕೆಂಚವ್ವ ಮುದುಕಿಯಾಗಿ ತೀರಿಕೊಂಡಳು. ಸೊಂಟದ ಹಗ್ಗವನ್ನು ಯಾರೂ ಬಿಚ್ಚಲಿಲ್ಲ, ಅದರ ಸಮೇತ ಮಗಳ ಪಕ್ಕದಲ್ಲೇ ಮಣ್ಣು ಮಾಡಿದರು. ಅಲ್ಲಿ ಕಲ್ಲಿಲ್ಲ, ಹೆಸರಿಲ್ಲ. ಆದರೆ ಆ ಕಡೆ ಇವತ್ತಿಗೂ ಹಗ್ಗ ಹೊಸೆಯುವ ಹೆಂಗಸರು ಮೂರನೆಯ ಎಳೆ ಕೂಡಿಸುವಾಗ "ತುಂಗವ್ವಾ, ಬಾ" ಅನ್ನುತ್ತಾರೆ.

ನೀತಿ ಏನು ಅಂತ ಕೇಳುತ್ತೀರಿ. ಹೇಳುತ್ತೇನೆ, ಗಂಟು ಹಾಕಿಕೊಳ್ಳಿ. ಧರ್ಮ ಮಾಡುವವನು ಬಾವಿ ಕೊಟ್ಟರೆ ಸಾಲದು, ಹಗ್ಗ ಹುಟ್ಟುವ ದಾರಿಯನ್ನೂ ಮಾಡಬೇಕು. ಹಗ್ಗ ಹುಟ್ಟುವ ದಾರಿ ಕೈಗೆ ಬಂದವನು, ಬಾವಿ ತೋಡಿದ್ದು ಯಾರಿಗೆ ಅನ್ನುವುದನ್ನು ಮರೆಯಬಾರದು. ಒಂದನ್ನು ಅರಸ ಮರೆತ, ಒಂದನ್ನು ಭರಮಯ್ಯ ಮರೆತ. ಬೆಲೆ ಕೊಟ್ಟವಳು ತುಂಗವ್ವ.

ಆಗ ಹೂಂ ಅನ್ನಬೇಡಿ ಅಂದಿದ್ದೆನಲ್ಲ. ಈಗ ಅನ್ನಿ.